ಎದೆಯ ಮೇಲೊಂದು ನೆತ್ತಿ

ಮಗುವಿನ ಹೃದಯ ಬಡಿಯುವುದನ್ನು ಕಣ್ಣಾರೆ ನೋಡಿದ್ದು ನನ್ನ ನೌಕರಿಯಲ್ಲಿ ಒಂದೇ ಸಲ. ಎಂಬತ್ತರ ದಶಕದ ಶುರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಐದಾರು ಹಳ್ಳಿಗಳಿಗೆ ನಾನೊಬ್ಬಳೇ ನರ್ಸಮ್ಮ. ಹೆರಿಗೆ ಮಾಡಿಸುವುದು, ಸೂಜಿ ಚುಚ್ಚುವುದು, ಎಲ್ಲರ ಕೈಲೂ ಬೈಸಿಕೊಳ್ಳುವುದು ನನ್ನ ಕೆಲಸ. ತಿರುಗಿ ಬೈಯುವುದನ್ನೂ ಬೇಗ ಕಲಿತಿದ್ದೆ.

ಹಂದನಕೆರೆಯಿಂದಾಚೆ ಒಂದು ತೋಟದ ಮನೆ. ಸೊಸೆಗೆ ಎರಡನೇ ಹೆರಿಗೆ. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು, ಜೋರಾಗಿ ಅತ್ತಿತು. ಒರೆಸುತ್ತಾ ನೋಡಿದರೆ ಎದೆಯ ನಡುವೆ ಮೂಳೆ ಇರಬೇಕಾದ ಕಡೆ ಬರೀ ತೆಳುವಾದ ಚರ್ಮ. ಅದರಡಿ ಹೃದಯ ಪಟಪಟ ಬಡಿಯುತ್ತಿದೆ. ಅತ್ತರೆ ಆ ಜಾಗ ಉಬ್ಬುತ್ತದೆ, ಉಸಿರೆಳೆದರೆ ಒಳಕ್ಕೆ ಹೋಗುತ್ತದೆ.

"ಗ್ರಾಣ ಹಿಡಿದ ದಿನ ಬ್ಯಾಡ ಬ್ಯಾಡ ಅಂದ್ರೂ ಕಾಯಿ ಒಡೆದ್ಲು ಕಣಮ್ಮ. ಅದ್ಕೇ ಕೂಸಿನ ಎದೆ ಸೀಳೈತೆ" ಎಂದರು ಅತ್ತೆ. ಬಾಣಂತಿ ಗೋಡೆ ಕಡೆ ಮುಖ ತಿರುಗಿಸಿಕೊಂಡಳು.

ಎಳೆಮಕ್ಕಳಿಗೆ ನೀರು ಹಾಕುವ ಅಜ್ಜಿ ಬಗ್ಗಿ ನೋಡಿತು. "ಏನಾಗಿಲ್ಲ ಬುಡ್ರಿ. ನೆತ್ತಿ ಇದ್ದಂಗೇಯ ಇದೂವೆ. ಎಣ್ಣೆ ಕುಡುದು ನೆತ್ತಿ ಕೂಡ್ಕಳಲ್ವಾ? ಇದೂ ಕೂಡ್ಕತದೆ."

ನಮ್ಮ ಕಡೆ ಎಳೆಮಗುವಿನ ನೆತ್ತಿಗೆ ದಿನಾ ಅಂಗೈ ತುಂಬ ಕೊಬ್ಬರಿ ಎಣ್ಣೆ ತಟ್ಟುತ್ತಾರೆ. ತಟ್ಟಿದ್ದಕ್ಕೇ ನೆತ್ತಿ ಗಟ್ಟಿಯಾಗುವುದು ಅಂತ ನಂಬಿಕೆ. ಹೇಳಲು ನಾಚಿಕೆಯಾಗುತ್ತದೆ, ಅವತ್ತು ನನಗೂ ಅಜ್ಜಿಯ ಮಾತು ಸರಿ ಅನ್ನಿಸಿತು. ತರಬೇತಿಯಲ್ಲಿ ಇಂಥದ್ದನ್ನು ಯಾರೂ ತೋರಿಸಿರಲಿಲ್ಲ. ಮೂಳೆ ಕೂಡದ ಜಾಗ ಅಂದರೆ ನನಗೆ ಗೊತ್ತಿದ್ದದ್ದೂ ನೆತ್ತಿ ಒಂದೇ. "ಮೆಲ್ಲಗೆ ತಟ್ಟಜ್ಜಿ" ಅಂದು ಹೊರಟುಬಿಟ್ಟೆ.

ಮೂರನೇ ದಿನ ಹೋದಾಗ ನೀರು ಹಾಕುತ್ತಿದ್ದರು. ಅಜ್ಜಿ ಕಾಲು ನೀಡಿ ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎದೆಗೆ ಎಣ್ಣೆ ಒತ್ತುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಮಗುವಿನ ಅಳು ನಿಂತಿತು, ತುಟಿ ನೀಲಿಯಾಯಿತು. ಒದ್ದೆ ಕೂಸನ್ನು ಕಿತ್ತುಕೊಂಡೆ. ಸ್ವಲ್ಪ ಹೊತ್ತಿಗೆ ಬಣ್ಣ ಬಂತು. ಎದೆ ಮೇಲೆ ಬೆರಳ ಗುರುತು ಕೆಂಪಗೆ ಮೂಡಿತ್ತು.

ನಡುಮನೆಯಲ್ಲಿ ಕೂತು ಒಂದು ಗಂಟೆ ಆ ಮಗುವನ್ನೇ ನೋಡಿದೆ. ಹಾಲು ಕುಡಿಯುವಾಗ ಸುಸ್ತಿಲ್ಲ. ಉಗುರು ಕೆಂಪಗಿದೆ. ನಿದ್ದೆಯಲ್ಲಿ ಉಸಿರು ಸಮವಾಗಿದೆ. ಹೃದಯ ಗಟ್ಟಿಯಾಗಿರಬೇಕು, ಅದನ್ನು ಕಾಯುವ ಮೂಳೆ ಮಾತ್ರ ಇಲ್ಲ ಅಂತ ನನಗೆ ತೋಚಿತು. ಖಾತ್ರಿ ಇರಲಿಲ್ಲ. ಖಾತ್ರಿ ಮಾಡಬಲ್ಲವರು ಬೆಂಗಳೂರಿನಲ್ಲಿದ್ದರು.

ನಮ್ಮ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೋಗಿ ಹೇಳಿದೆ. ಅವರು ತಲೆಯೆತ್ತಲಿಲ್ಲ. "ಅಂಥ ಮಕ್ಕಳು ಉಳಿಯೋದಿಲ್ಲಮ್ಮ. ಕಾಯಿಲೆ ಯಾವುದು ಅಂತ ಹೇಳೋದು ನಿನ್ನ ಕೆಲಸ ಅಲ್ಲ. ಇಲ್ಲದ ಉಸಾಬರಿ ಯಾಕೆ?"

ನೋಡದೆಯೇ ಉಳಿಯೋದಿಲ್ಲ ಅನ್ನುವುದು ಯಾವ ಸೀಮೆ ವೈದ್ಯ ಅಂತ ಮನಸ್ಸಿನಲ್ಲೇ ಬೈದುಕೊಂಡು ಮರುದಿನ ಬೆಳಿಗ್ಗೆ ತೋಟದ ಮನೆಗೆ ಹೋದೆ. ಕೂಸನ್ನು ಬೆಂಗಳೂರಿಗೆ ಕರೆದೊಯ್ಯೋಣ ಎಂದರೆ ಪುರುಡಿನ ಸೂತಕ ಅಡ್ಡ ಬಂತು. ಹನ್ನೊಂದು ದಿನ ಕಳೆಯದೆ ಬಾಣಂತಿ ಹೊಸಿಲು ದಾಟಂಗಿಲ್ಲ ಎಂದರು ಅತ್ತೆ. ನನಗೆಲ್ಲಿತ್ತೋ ಸಿಟ್ಟು.

"ಪುರುಡು ಹನ್ನೊಂದಕ್ಕೆ ಹೋಯ್ತದೆ. ಅಲ್ಲೀಗಂಟ ಕೂಸು ಇರ್ತದೆ ಅಂತ ಬರ್ದು ಕೊಡ್ರಿ, ಈಗ್ಲೇ ಹೊಂಟೋಯ್ತೀನಿ."

ನಾಲ್ಕು ದಿನದಿಂದ ತುಟಿ ಬಿಚ್ಚದಿದ್ದ ಬಾಣಂತಿ ಎದ್ದು ತಲೆಗೆ ಬಟ್ಟೆ ಕಟ್ಟಿಕೊಂಡಳು. "ನಡೀರಿ ನರ್ಸಮ್ಮ."

"ಗಂಡ ತ್ವಾಟದಿಂದ ಬರ್ಲಿ ಇರೇ" ಎಂದರು ಅತ್ತೆ.

"ಬೆಂಗ್ಳೂರಿಗೇ ಬರ್ಲಿ ಅನ್ನಿ" ಎಂದಳು ಅವಳು.

ಹೊದಿಕೆ ಎದೆಯನ್ನು ಒತ್ತದಿರಲೆಂದು ಹಳೆ ಸೀರೆ ಹರಿದು, ಬಿಂದಿಗೆ ಹೊರುವಾಗ ಮಾಡುವಂಥ ಸಿಂಬೆ ಸುತ್ತಿ ಮಗುವಿನ ಎದೆಯ ಆ ಜಾಗದ ಸುತ್ತ ಇಟ್ಟೆ. ತಿಪಟೂರಿಗೆ ಬಸ್ಸು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಒಬ್ಬರಾದ ಮೇಲೊಬ್ಬರು ಎತ್ತಿಕೊಂಡೆವು.

ದೊಡ್ಡಾಸ್ಪತ್ರೆಯ ಡಾಕ್ಟರು ಎದೆಗೆ ಕಿವಿಗೊಟ್ಟರು, ಎಕ್ಸ್‌ರೇ ತೆಗೆಸಿದರು. ಎದೆಮೂಳೆ ಹುಟ್ಟಾ ಎರಡು ಹೋಳಾಗಿಯೇ ಉಳಿದಿದೆ, ತೀರಾ ಅಪರೂಪ ಎಂದರು. ಹೃದಯದಲ್ಲಿ ದೋಷ ಕಾಣಲಿಲ್ಲ. ಮೂಳೆ ಎಳಸಾಗಿರುವಾಗಲೇ ಎರಡನ್ನೂ ಸೇರಿಸಿ ಹೊಲಿಯಬೇಕು, ಬಲಿತರೆ ಕಷ್ಟ.

"ಇಲ್ಲಿ ಒತ್ತಿದ್ದು ಯಾರು?" ಎಂದು ಕೇಳಿದರು.

"ಒತ್ತಿದ್ದು ಅಜ್ಜಿ. ಒತ್ತಲು ಬಿಟ್ಟಿದ್ದು ನಾನು" ಎಂದೆ.

ಆಗ ಬಾಣಂತಿ ಬಾಯಿಬಿಟ್ಟಳು. "ಗ್ರಾಣದ ದಿನ ಕಾಯಿ ಒಡೆದಿದ್ಕೆ ಹಿಂಗಾಯ್ತಾ ಸಾರ್?"

"ಆಗ ನಿಮಗೆ ಎಷ್ಟು ತಿಂಗಳು?"

"ಏಳು."

"ಆ ಮೂಳೆ ಮೂರು ತಿಂಗಳೊಳಗೇ ಕೂಡಬೇಕಿತ್ತಮ್ಮ. ಕಾಯಿಗೂ ಇದಕ್ಕೂ ಸಂಬಂಧವೇ ಇಲ್ಲ."

ಅವಳು ಅಲ್ಲೇ ಕೂತು ಗಟ್ಟಿಯಾಗಿ ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅಳಲಿ ಅಂದುಕೊಂಡೆ, ನಾಲ್ಕು ದಿನ ಆ ದೂರು ಹೊತ್ತಿದ್ದಾಳೆ.

ಅಷ್ಟರಲ್ಲಿ ಅವಳ ಗಂಡನೂ ಬಂದ. ಆಪರೇಷನ್ ಆಯಿತು, ಮಗು ಉಳಿಯಿತು. ನಾನು ಊರಿಗೆ ಬಂದಾಗ ಮೆಮೊ ಕಾದಿತ್ತು. ಅಪ್ಪಣೆಯಿಲ್ಲದೆ ಕೆಲಸದ ಜಾಗ ಬಿಟ್ಟಿದ್ದಕ್ಕೆ, ಡಾಕ್ಟರ ಮಾತು ಮೀರಿದ್ದಕ್ಕೆ ಕಾರಣ ಕೊಡಬೇಕಂತೆ. "ತಪ್ಪಾಯ್ತು ಅಂತ ಎರಡು ಸಾಲು ಬರ್ಕೊಡಮ್ಮ, ಮುಗ್ದೋಯ್ತದೆ" ಎಂದರು ಗುಮಾಸ್ತರು.

ನಿಂತಲ್ಲೇ ಬರೆದೆ. "ತಪ್ಪಾಗಿದೆ. ಮಗುವನ್ನು ಹುಟ್ಟಿದ ದಿನವೇ ಕರೆದುಕೊಂಡು ಹೋಗಬೇಕಿತ್ತು. ಮೂರು ದಿನ ತಡ ಮಾಡಿದೆ."

ಡಾಕ್ಟರು ಓದಿ, ಬೇರೆ ಬರೆದುಕೊಡು ಎಂದರು. ಕೊಡಲಿಲ್ಲ.