ರಾಹುಕಾಲದಲ್ಲಿ ನಡೆದ ನನ್ನ ವೈವಾ

ವೈವಾ ಇದ್ದದ್ದು ಶುಕ್ರವಾರ. ಅದರ ಹಿಂದಿನ ಭಾನುವಾರ ನನ್ನ ದನಿಯೇ ಹೋಯಿತು.

ಇದು ಕಳೆದ ವರ್ಷ ಶ್ರಾವಣ ಮುಗಿದ ಮೇಲಿನ ಮಾತು. ನಾನು ಜಯನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು, ಕ್ಲಾಸಿನಲ್ಲಿ ಎಂದೂ ಮೈಕ್ ಮುಟ್ಟಿದವಳಲ್ಲ. ಪಾಠದ ಜೊತೆಗೇ ನಮ್ಮ ಕಡೆಯ ಕೆರೆಗಳ ನೀರು, ಹೂಳಿನ ಮೇಲೆ ಪಿಎಚ್‌ಡಿ ಮಾಡಿದ್ದೆ. ಪ್ರಬಂಧ ಒಪ್ಪಿಗೆಯಾಗಿ, ಪರೀಕ್ಷಕರ ಮುಂದೆ ಅದನ್ನು ಸಮರ್ಥಿಸಿಕೊಳ್ಳುವ ವೈವಾ ಒಂದೇ ಬಾಕಿ ಇತ್ತು. ಆ ತಿಂಗಳು ದಾಟಿದರೆ ನನಗೆ ಕೊಟ್ಟಿದ್ದ ಕೊನೆಯ ಗಡುವೂ ಮುಗಿದು, ವರ್ಷಗಳ ಕೆಲಸ ನೀರಿನಲ್ಲಿ ಹೋಮವಾಗುತ್ತಿತ್ತು. ಅಭ್ಯಾಸ ಅಂತ ದಿನಾ ಟೆರೇಸಿನಲ್ಲಿ ನಿಂತು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದೆ.

ಡಾಕ್ಟರು ಗಂಟಲು ನೋಡಿ, "ಮೇಡಂ, ಗುರುವಾರದ ತನಕ ಮಾತೇ ಆಡ್ಬೇಡಿ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು," ಎಂದರು. ಶುಕ್ರವಾರಕ್ಕೆ ದನಿ ಬರುತ್ತದಾ ಎಂದು ಫೋನಿನಲ್ಲಿ ಬರೆದು ತೋರಿಸಿದೆ. "ಹೇಳಕ್ಕಾಗಲ್ಲ," ಎಂದರು. ಮೆಟ್ರೋದಲ್ಲಿ ಕೋಣನಕುಂಟೆವರೆಗೂ ಅಳುತ್ತಲೇ ಬಂದೆ.

ಮಂಗಳವಾರ ನಮ್ಮ ಅತ್ತೆ ನನ್ನನ್ನು ಬನಶಂಕರಿ ಅಮ್ಮನ ಗುಡಿಗೆ ಎಳೆದುಕೊಂಡು ಹೋದರು. ಬೇರೆಯವರು ರಾಹುಕಾಲವೆಂದರೆ ಹೊಸ್ತಿಲು ದಾಟುವುದಿಲ್ಲ. ಅಮ್ಮನ ಗುಡಿಯಲ್ಲಿ ಅದೇ ಪೂಜೆಯ ಹೊತ್ತು. ನಿಂಬೆಹಣ್ಣಿನ ಹೋಳು ಮಗುಚಿ ದೀಪ ಹಚ್ಚಿದೆ. ಬಾಯಿಲ್ಲದ ನನ್ನ ಪರವಾಗಿ ಅತ್ತೆಯೇ ಗಟ್ಟಿಯಾಗಿ ಬೇಡಿಕೊಂಡರು: "ತಾಯಿ, ಇವ್ಳು ಮಾತಾಡೋದು ಜಾಸ್ತಿನೇ. ಅಷ್ಟೂ ವಾಪಸ್ ಕೊಡ್ಬೇಡ. ಶುಕ್ರವಾರಕ್ಕೆ ಆಗೋವಷ್ಟು ಕೊಡು, ಸಾಕು." ಪಕ್ಕದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಗುರುವಾರ ಸಂಜೆ ಬಾಯಿ ತೆರೆದು ನೋಡಿದೆ. ಬರೀ ಗಾಳಿ. ಸ್ವಲ್ಪ ಹೊತ್ತಿಗೆ ಗೈಡ್ ಸಾರ್ ಸಂದೇಶ ಕಳಿಸಿದರು: "ಗೀತಾ, ನಾಳೆ ವೈವಾ ಶುರುವಾಗೋ ಹತ್ತೂವರೆಗೇ ರಾಹುಕಾಲ ಬೇರೆ. ಮುಂದಕ್ಕೆ ಹಾಕೋಣ್ವಾ? ಆದ್ರೆ ಪರೀಕ್ಷಕರು ಮತ್ತೆ ಯಾವಾಗ ಸಿಗ್ತಾರೋ ಗೊತ್ತಿಲ್ಲ." ಗುಡಿಯಲ್ಲಿ ಹಚ್ಚಿದ ದೀಪ ನೆನಪಾಯಿತು. ಆಮೇಲೆ ಬರೆದೆ: "ಬೇಡ ಸಾರ್. ಅದು ನಮ್ಮಮ್ಮನ ಹೊತ್ತು. ದನಿ ಬರದಿದ್ದರೆ ಬೋರ್ಡಿನ ಮೇಲೆ ಬರೆದು ಉತ್ತರ ಕೊಡುತ್ತೇನೆ."

ಮರುದಿನ ಸೀಮೆಸುಣ್ಣ ಕೈಯಲ್ಲಿ ಹಿಡಿದೇ ನಿಂತೆ. ಅಮ್ಮನನ್ನು ನೆನೆದು "ನಮಸ್ಕಾರ" ಎಂದೆ. ಬಂತು! ಒಡಕು ದನಿ, ಆದರೂ ಹಿಂದಿನ ಸಾಲಿಗೆ ಕೇಳುವಷ್ಟು. ಅದನ್ನು ಪೋಲು ಮಾಡುವ ಧೈರ್ಯವಿರಲಿಲ್ಲ. ಪುಟಗಟ್ಟಲೆ ಬಾಯಿಪಾಠ ಮಾಡಿದ್ದನ್ನೆಲ್ಲ ಬಿಟ್ಟು, ಕೇಳಿದ್ದಕ್ಕೆ ಎರಡೇ ವಾಕ್ಯದಲ್ಲಿ ಉತ್ತರಿಸುತ್ತಾ ಹೋದೆ. ಗಂಟುಮುಖದ ಪರೀಕ್ಷಕರು ತಲೆದೂಗತೊಡಗಿದರು.

ಕೊನೆಗೆ ಅಧ್ಯಕ್ಷರು, "ಸಭಿಕರೂ ಕೇಳ್ಬಹುದು," ಎಂದರು. ನನ್ನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮತ್ತೆ ಎದ್ದು ನಿಂತರು! 

"ಅಲ್ಲಾ ಗೀತಾ, ಆ ಕೆರೆ ನೀರಲ್ಲಿ ಬೆಳೆದ ಸೊಪ್ಪು ನಾವು ತಿನ್ಬಹುದಾ, ಬೇಡ್ವಾ?"

ಅವರು ದಿನಾ ಅದೇ ಸೊಪ್ಪು ತಂದು ಸಾರು ಮಾಡುತ್ತಿದ್ದರು. ಸೀಸ, ಕ್ಯಾಡ್ಮಿಯಂ ಎಂದು ನಾನು ಮನೆಯಲ್ಲಿ ಭಾಷಣ ಬಿಗಿದದ್ದಕ್ಕೆ ಲೆಕ್ಕವಿಲ್ಲ, ಯಾರ ಕಿವಿಗೂ ಬಿದ್ದಿರಲಿಲ್ಲ.

"ಬೇಡ ಅತ್ತೆ. ಇವತ್ತಿಂದ್ಲೇ ನಿಲ್ಸಿಬಿಡಿ."

"ಹಂಗಂತ ನೆಟ್ಟಗೆ ಹೇಳಿದ್ರೆ ಯಾವತ್ತೋ ನಿಲ್ಸಿರ್ತಿದ್ದೆ," ಎಂದು ಕೂತರು. ಪರೀಕ್ಷಕರು ನಗುತ್ತಾ, "ಈ ಮಾತೇ ನಿಮ್ಮ ಪ್ರಬಂಧದ ಸಾರ, ಮೊದಲ ಪುಟಕ್ಕೆ ಹಾಕಿ," ಎಂದರು. ಡಾಕ್ಟರೇಟಿಗೆ ಶಿಫಾರಸು ಮಾಡಿದ್ದೇವೆಂದು ಅಲ್ಲೇ ಘೋಷಿಸಿದರು. ನಾನು ನಿಂತಲ್ಲೇ ಅತ್ತುಬಿಟ್ಟೆ.

ಔಷಧಿ ಹಿಡಿಯಿತು ಎನ್ನುತ್ತಾರೆ ಡಾಕ್ಟರು. ಹಿಡಿದಿರಲಿ. ಆ ಹೊತ್ತಿಗೇ ಹಿಡಿಸಿದವಳು, ಆಡುವ ಮಾತಿಗೆ ಹದ ಕೊಟ್ಟವಳು ಅಮ್ಮ ಎಂದೇ ನಾನು ನಂಬಿದ್ದೇನೆ. ಕಷ್ಟದಲ್ಲಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊತ್ತು ಸರಿಯಿಲ್ಲವೆಂದು ಹಿಂದೆ ಸರಿಯಬೇಡಿ. ಅಮ್ಮನ ಹೆಸರು ಹೇಳಿ ಹೊಸ್ತಿಲು ದಾಟಿ.