ಏಳನೇ ಮಂಚದ ಬಿ.ಪಿ.

ಮಾದನಹಿಪ್ಪರಗಾದ ಬಸವೇಶ್ವರಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಊರಿನವರಿಗೆ ಅವಳು ಈಗಾಗಲೇ ಅರ್ಧ ಡಾಕ್ಟರು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ನಾಲಗೆ ಚಾಚಿ ತೋರಿಸುತ್ತಾರೆ. ಆಳಂದದ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿಗೆ ಕೆಲಸ ಕಲಿಯಲು ಬಂದಮೇಲೆ ಮಾತ್ರ ಅವಳ ತಲೆ ಕೆಟ್ಟು ಮೊಸರುಗಡಿಗೆ. ಹೆಸರು ಕೇಳಿಯೇ ರೋಗಿಯನ್ನು ಮುಟ್ಟಬೇಕು ಎನ್ನುತ್ತದೆ ಪುಸ್ತಕ. ಇಲ್ಲಿ ಎಲ್ಲರೂ ಮಂಚದ ನಂಬರುಗಳು.

ಏಳನೇ ಮಂಚದಲ್ಲಿ ಎಂಟು ತಿಂಗಳ ಬಸುರಿ. ಮೂರನೇ ದಿನ ಮುಂಜಾನೆ ಅವಳ ಬಿ.ಪಿ. ನೂರೈವತ್ತಾರು, ನೂರು. ಮಧ್ಯಾಹ್ನ ಮುಸುಕು ಹೊದ್ದು ಗೋಡೆಯ ಕಡೆ ಮಲಗಿದ್ದವಳಿಗೆ ಬಸವೇಶ್ವರಿ, "ಕೈ ಕೊಡ್ರಿ" ಎಂದಳು. ಮುಸುಕಿನಿಂದ ಕೈ ಬಂತು. ನೂರಾಹತ್ತು, ಎಪ್ಪತ್ತು! ತೋಳಿಗೆ ಸುತ್ತಿದ ಪಟ್ಟಿ ಸಡಿಲವಿತ್ತೇ? ಕಿವಿ ಮೋಸ ಮಾಡಿತೇ? ಮುಂಜಾನೆಯದು ತಪ್ಪೋ, ಈಗಿನದೋ? ಸಿಸ್ಟರನ್ನು ಕೇಳಿದರೆ ಬೈಗುಳ. ಚಾರ್ಟಿನಲ್ಲಿ ಬರೆದೇಬಿಟ್ಟಳು. ಅದು ಕಾಲೇಜಿಗೆ ತೋರಿಸಬೇಕಾದ ಅವಳ ಲಾಗ್‌ಬುಕ್ಕಿನ ಕೊನೆಯ ಬಿ.ಪಿ. ಹಿರಿಯ ಸಿಸ್ಟರ್ ನಜಮುನ್ನಿಸಾ ಸಹಿ ಹಾಕಿದರು, ವಾರ್ಡಿನ ಪೋಸ್ಟಿಂಗ್ ಮುಗಿಯಿತು.

ಚಾರ್ಟು ನೋಡಿ, ಗುಳಿಗೆ ಕೆಲಸ ಮಾಡಿದೆ ಎಂದು ಡಾಕ್ಟರು ಬಸುರಿಯನ್ನು ಮನೆಗೆ ಬಿಟ್ಟರು. ಹೊರಗೆ ಜೀಪು ಬಂತು. ಗಂಟು ಕಟ್ಟಲು ನೆರವಾಗೋಣವೆಂದು ಹೋದ ಬಸವೇಶ್ವರಿ ಕಂಗಾಲಾದಳು. ಮಂಚದಿಂದ ಎದ್ದವಳಿಗೆ ಹೊಟ್ಟೆಯೇ ಇಲ್ಲ! ಬಸುರಿ ಬಾಗಿಲಲ್ಲಿದ್ದಾಳೆ.

"ನೀವ್ಯಾರ್ರಿ?"

"ನಾ ಆಕಿ ನೆಗೆಣ್ಣಿ ರಿ, ಆಕಿ ಮೈದುನನ ಹೆಂಡ್ತಿ. ಥಂಡಿಗೆ ಆಕಿ ಬಿಸಲಾಗ ಕುಂತಿದ್ಳು. ಮಂಚ ಖಾಲಿ ಬಿಟ್ರ ಮತ್ಯಾರರ ಮಲಗ್ತಾರಂತ ನಾ ಮಲಗಿದ್ದೆ."

"ಮತ್ತ ಕೈ ಯಾಕ ಕೊಟ್ರಿ?"

"ನೀವು ಕೇಳಿದ್ರಿ, ಕೊಟ್ಟೆ. ಸಿಸ್ಟರ್ ಕೇಳಿದ್ರ ಇಲ್ಲ ಅನ್ನಾಕ ಬರ್ತದೇನ್ರಿ?"

ಹೇಳಿದರೆ ಸಹಿ ಹೋಗುತ್ತದೆ. ಹೇಳದಿದ್ದರೆ? ಇಂಥ ಬಿ.ಪಿ.ಗೆ ಬಸುರಿಗೆ ಫಿಟ್ಸ್ ಬಂದು ಜೀವಕ್ಕೇ ಕುತ್ತು ಎಂದು ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಒಂಬತ್ತು ಗಿಟ್ಟಿಸಿದವಳು ಅವಳೇ. ಬಸುರಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಬಸವೇಶ್ವರಿ ಓಡಿದಳು.

"ಸಿಸ್ಟರ್, ಏಳನೇ ನಂಬರಿಂದು ನಾ ಬರ್ದಿದ್ದ ಬಿ.ಪಿ. ಆಕಿದಲ್ರಿ."

"ಮತ್ಯಾರದು ಬೇ?"

"ಆಕಿ ನೆಗೆಣ್ಣಿದ್ರಿ. ಹೆಸರ ಕೇಳಿಲ್ಲ ನಾ."

ನಜಮುನ್ನಿಸಾ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಲಾಗ್‌ಬುಕ್ಕು ತೆಗೆದು ತಮ್ಮ ಸಹಿಯ ಮೇಲೆ ಗೀಟು ಎಳೆದರು.

"ಜೀಪಿನವರಿಗೆ ನಿಲ್ಲಾಕ ಹೇಳು. ನಿನ್ನ ಪುಸ್ತಕದಾಗ ಹ್ಯಾಂಗ ಐತಿ, ಹಂಗ ಮತ್ತ ನೋಡು."

ಬಸವೇಶ್ವರಿ ಬಸುರಿಯನ್ನು ಕೂರಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಪಟ್ಟಿ ಕೈಗೆತ್ತಿಕೊಂಡಳು.

"ನಿಮ್ಮ ಹೆಸರೇನ್ರಿ?"

ಬಸುರಿ ಅವಳ ಮುಖವನ್ನೇ ನೋಡಿದಳು. "ಸೀಮಾ ರಿ. ಮೂರು ದಿನ ಆತು ನನ್ನ ಕೈ ಹಿಡ್ಯಾಕತ್ತೀರಿ. ಇವತ್ತ ಕೇಳಿದ್ರಿ."

ಬಸವೇಶ್ವರಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿಯೇ ಪಟ್ಟಿ ಸುತ್ತಿದಳು. ನೂರಾ ಅರವತ್ತು, ನೂರಾನಾಲ್ಕು.

ಸೀಮಾಳನ್ನು ವಾರ್ಡಿನಲ್ಲೇ ಬಿಟ್ಟು ಜೀಪು ಹೋಯಿತು.