ಸುಯಶನ ಹವಳ ಬಿಳಿಚಿದ್ದು

ಉದ್ಯಮಬಾಗದ ಫೌಂಡ್ರಿಯಲ್ಲಿ ಮಂದಿಯ ಕೆಲಸದಲ್ಲಿ ತಪ್ಪು ಹುಡುಕುವುದೇ ಸುಯಶನ ನೌಕರಿ. ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೂರು ವರ್ಷ ಸಾಕಿದ ಹವಳಗಳು ಎರಡೇ ದಿನಕ್ಕೆ ಸುಣ್ಣದಂತೆ ಬಿಳಿಚಿದ್ದು ಕಂಡು ಅವನು ಒಂದೊಂದನ್ನೇ ಪರೀಕ್ಷಿಸಿದ. ಉಪ್ಪು, ಬಿಸಿ, ಬೆಳಕು ಎಲ್ಲ ಸರಿಯಿದ್ದವು.

"ಎಲ್ಲಾ ನಿನ್ನ ಊದಿನಕಡ್ಡಿ ಹೊಗಿಂದ!" ಎಂದು ಹೆಂಡತಿ ಪ್ರಾಚಿಯ ಮೇಲೆ ಹರಿಹಾಯ್ದ.

"ನೀವು ಮೊನ್ನೆ ಯಾವ ನೀರು ಹಾಕಿದ್ರಿ? ಅದನ್ನ ಹೇಳ್ರಿ, ಸಾಹೇಬ್ರ."

"ನೀರು ಸೋಸೂ ಫಿಲ್ಟರ್ ಕೆಟ್ಟಿತ್ತಲ್ಲ, ಖಾನಾಪುರದ ಅವ್ವ ಕೊಟ್ಟ ತಾಮ್ರದ ಕೊಡದಾಗಿನ ನೀರು. ನಾವು ಕುಡಿಯೂ ಶುದ್ಧ..."

ತಾಮ್ರ ಹವಳಕ್ಕೆ ವಿಷವೆಂದು ಹೋದ ವಾರವಷ್ಟೇ ಗೆಳೆಯನಿಗೆ ಭಾಷಣ ಬಿಗಿದವನು ಇವನೇ. ಅಕ್ವೇರಿಯಂನ ನೀರು ಒಂದಿಷ್ಟು ತೆಗೆದು ತಾಮ್ರ ಪತ್ತೆಹಚ್ಚುವ ದ್ರಾವಣದ ಹನಿ ಹಾಕಿದ. ನೀರಿನ ಬಣ್ಣ ತಿರುಗಿತು.

ಜೀವ ಉಳಿದಿದ್ದ ಒಂದೇ ತುಣುಕನ್ನು ಹೊಸ ಉಪ್ಪುನೀರಿನ ಬಕೆಟ್ಟಿಗೆ ಇಳಿಸಲು ಅವನು ಬಗ್ಗಿದ. ಪ್ರಾಚಿ ಆಸರೆಗೆ ಅವನ ಮಣಿಕಟ್ಟು ಹಿಡಿದುಕೊಂಡಳು.